ನಂಬರಿಲ್ಲದ ಆಜ್ಞೆಗಳು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅಹಮದಾಬಾದಿನ ವಸ್ತ್ರಾಪುರದಲ್ಲಿ ನಮ್ಮ ಮನೆಯ ಕೆಳಗೆ ತರಕಾರಿ ಗಾಡಿಯ ಮುಂದೆ ನಿಂತು ತೊಂಡೆಕಾಯಿ ಆರಿಸುತ್ತಿದ್ದೆ. ಫೋನ್ ಮಾಡಿದವರು ವಡೋದರಾದ ಮಂಜಲ್‌ಪುರದಲ್ಲಿ ಅವರ ಎದುರುಮನೆಯಲ್ಲಿದ್ದ ಗುಜರಾತಿ ಹೆಂಗಸು. ಆ ಕಟ್ಟಡದಲ್ಲಿ ಎಲ್ಲರೂ ಆಕೆಯನ್ನು ಬೆನ್, ಅಂದರೆ ಅಕ್ಕ, ಎಂದಷ್ಟೇ ಕರೆಯುತ್ತಿದ್ದೆವು. “ತಮಾರಾ ಸರ್ ಗಯಾ,” ಎಂದರು. ನಿಮ್ಮ ಸರ್ ಹೋದರು. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿದ್ದು ನೋಡಿ ಅನುಮಾನ ಬಂತಂತೆ. ಸೂರತ್ತಿನಿಂದ ಮಗಳು ಹೊರಟಿದ್ದಾಳೆ, ಮಣ್ಣು ನಾಳೆ ಎಂದರು. ಸರಿ, ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಫೋನನ್ನು ಚೀಲಕ್ಕೆ ಹಾಕಿದೆ. ಆಮೇಲೆ ತೊಂಡೆಕಾಯಿ ಆರಿಸುವುದನ್ನು ಮುಗಿಸಿದೆ. ಹಣ್ಣಾದದ್ದನ್ನು ಬದಿಗೆ ಸರಿಸಿ ಎಳೆಯದನ್ನೇ ತೂಗಿಸಿಕೊಂಡೆ. ಮನೆಗೆ ಬಂದು ಪಲ್ಯವನ್ನೂ ಮಾಡಿದೆ. ಉಪ್ಪು ಸರಿಯಾಗಿಯೇ ಇತ್ತು.

ಅಳು ಬರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಕೊಂಡವರ ಬಗ್ಗೆ ಬರೆಯುವವರು ಕಣ್ಣು ಮಂಜಾಯಿತು ಎಂದು ಶುರು ಮಾಡುವುದು ರೂಢಿ. ನನಗೆ ಏನೂ ಆಗಲಿಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿದು, ಚಿವುಟಿಕೊಂಡರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅವರು ಮಹಾ ಬಿಗಿ ಮನುಷ್ಯ.

ತುಮಕೂರಿನ ಕಡೆಯವಳಾದ ನಾನು ಡಿಪ್ಲೊಮಾ ಮುಗಿಸಿ ವಡೋದರಾದ ಮಕರಪುರಾದಲ್ಲಿ ಒಂದು ವಾಲ್ವ್ ಕಾರ್ಖಾನೆಗೆ ಸೇರಿದಾಗ ಅಲ್ಲಿನ ತಪಾಸಣೆ ವಿಭಾಗಕ್ಕೆ ಅವರೇ ಯಜಮಾನರು. ಮಂಗಳೂರಿನ ಹಳೆಯ ಪ್ರೊಟೆಸ್ಟೆಂಟ್ ಮನೆತನ. ಗಿಡ್ಡ ಆಳು, ದಪ್ಪ ಕನ್ನಡಕ, ಜೇಬಿನಲ್ಲಿ ಯಾವಾಗಲೂ ಒಂದು ಹಳದಿ ಬಟ್ಟೆ. ನನ್ನ ಹೆಸರು ನೋಡಿದವರೇ ಮೊದಲು ಕೇಳಿದ್ದು, “ಕನ್ನಡದವಳಾ? ಊಟಕ್ಕೆ ಎಂತ ಮಾಡ್ತೀ?” ಎಂದು. ಇನ್ನೂ ಏನೂ ಗೊತ್ತುಮಾಡಿಕೊಂಡಿಲ್ಲ ಎಂದೆ. ಅದೇ ವಾರ ಅವರ ಹೆಂಡತಿ ತಮ್ಮ ಕಟ್ಟಡದಲ್ಲೇ ನನಗೊಂದು ರೂಮು ಹುಡುಕಿಕೊಟ್ಟರು. ಅವರನ್ನು ನಾನು ಆಂಟಿ ಎನ್ನುತ್ತಿದ್ದೆ.

ಕಾರ್ಖಾನೆಗಳಲ್ಲಿ ಒಂದು ಮಾತಿದೆ: “ಉಪರ್‌ಥೀ ಓರ್ಡರ್ ಛೇ.” ಮೇಲಿನಿಂದ ಆರ್ಡರ್ ಬಂದಿದೆ ಎಂದು ಅರ್ಥ. ಈ ಮಾತು ಹೇಳಿದರೆ ಗುಜರಾತಿನಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ ಕೆಲಸ ನಡೆದುಹೋಗುತ್ತದೆ. ನಾನು ಸೇರಿದ ಹೊಸತರಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಬಂದು, ಸೋರುತ್ತಿದ್ದ ಒಂದಷ್ಟು ವಾಲ್ವ್‌ಗಳನ್ನು ಪಾಸು ಮಾಡಿಬಿಡಿ, ಉಪರ್‌ಥೀ ಓರ್ಡರ್ ಛೇ ಎಂದರು. ಇವರು ಕನ್ನಡಕ ತೆಗೆದು ಹಳದಿ ಬಟ್ಟೆಯಿಂದ ಒರೆಸುತ್ತ, “ಕೋನೋ?” ಎಂದರು. ಯಾರದು? ಮ್ಯಾನೇಜರ್ ಮತ್ತೆ ಮೇಲೆ ಕೈ ತೋರಿಸಿದರು. ಮೇಲೆ ಫ್ಯಾನು ತಿರುಗುತ್ತಿತ್ತು. ಇವರು ತಲೆಯೆತ್ತಿ ಫ್ಯಾನನ್ನೇ ನೋಡುತ್ತ ಕೂತರು, ಅದು ಏನಾದರೂ ಹೇಳುತ್ತದೆಯೋ ಎನ್ನುವ ಹಾಗೆ. ಮ್ಯಾನೇಜರ್ ಗೊಣಗಿಕೊಂಡು ಹೋದರು. ಆ ವಾಲ್ವ್‌ಗಳು ಹೊರಗೆ ಹೋಗಲಿಲ್ಲ.

ಇದು ಬೇರೆಯವರಿಗೆ ಮಾತ್ರ ಎಂದುಕೊಂಡಿದ್ದೆ. ಒಂದು ದಿನ ನಾನು ಒಂದು ತುಂಡನ್ನು ಬೇಡವೆಂದು ತಳ್ಳಿ, ಮೆಷಿನ್ನಿನವನಿಗೆ “ಸರ್ ಬೇಡ ಅಂದರು” ಎಂದು ಹೇಳಿ ಕಳಿಸಿದೆ. ಅವರು ಅದನ್ನು ನೋಡಿರಲೇ ಇಲ್ಲ. ಸಂಜೆ ಕರೆದರು.

“ತುಂಡು ಸರಿ ಇರ್ಲಿಲ್ಲ, ಅದು ಬೇರೆ ವಿಷಯ. ಬೇಡ ಅಂತ ಹೇಳಿದ್ದು ನಾನಾ?”

“ಅಲ್ಲ ಸರ್. ನಾನು ಹೇಳಿದ್ರೆ ಅವರು ಕೇಳಲ್ಲ.”

“ಕೇಳ್ಲಿಕ್ಕಿಲ್ಲ. ಆದ್ರೂ ನೀನೇ ಹೇಳು. ದೊಡ್ಡವರ ಹೆಸರು ಹಾಕಿದ್ರೆ ಕೆಲಸ ಬೇಗ ಆಗ್ತದೆ ಮಾರಾಯ್ತಿ. ಅದಕ್ಕೇ ಹಾಕ್ಬಾರ್ದು.”

ಇಷ್ಟು ಸಣ್ಣದಕ್ಕೆ ಇಷ್ಟು ಉಪದೇಶವೇ ಎಂದು ಸಿಟ್ಟು ಬಂತು. ಅವರ ಜೊತೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಹೊಗಳಿಕೆ ಅವರ ಬಾಯಿಂದ ಹೊರಡುತ್ತಿರಲಿಲ್ಲ. ನನ್ನ ಡಬ್ಬಿಯ ಶೇಂಗಾ ಚಟ್ನಿಪುಡಿಯನ್ನು ಕೇಳದೆ ಬಡಿಸಿಕೊಳ್ಳುತ್ತಿದ್ದರು. ಶ್ರುತಿಯ ಗೊಡವೆಯೇ ಇಲ್ಲದೆ ಪ್ರಾರ್ಥನೆಯ ಹಾಡುಗಳನ್ನು ಗುನುಗುತ್ತ ವಾಲ್ವ್ ಅಳೆಯುತ್ತಿದ್ದರು.

ಆಂಟಿ ಕ್ಯಾಥೊಲಿಕ್. ಮನೆಮಾತು ಕೊಂಕಣಿ, ಎತ್ತರದ ಆಳು, ನಕ್ಕರೆ ಕೆಳಗಿನ ಮನೆಯವರಿಗೂ ಕೇಳಿಸುತ್ತಿತ್ತು. ಹೊರಗಿನವರಿಗೆ ಇಬ್ಬರೂ ಕ್ರಿಶ್ಚಿಯನ್ನರೇ. ಮನೆಯೊಳಗೆ ಹೋದರೆ ಮಾತ್ರ ಎರಡು ರಾಜ್ಯ. ಭಾನುವಾರ ಅವರು ಹೆಂಡತಿ ಮಗಳನ್ನು ಸ್ಕೂಟರಿನಲ್ಲಿ ಅವರ ಇಗರ್ಜಿಗೆ ಬಿಟ್ಟು, ತಮ್ಮ ಚರ್ಚಿಗೆ ಹೋಗುತ್ತಿದ್ದರು. ಎರಡೂ ಮುಗಿದ ಮೇಲೆ ಕುಂದಾಪುರದವರು ನಡೆಸುತ್ತಿದ್ದ ಒಂದು ಉಡುಪಿ ಹೋಟೆಲಿನಲ್ಲಿ ಸೇರುವುದು. ನಾನೂ ಅಲ್ಲಿಗೇ ಹೋಗುತ್ತಿದ್ದೆ. ಗಲ್ಲೆಯಲ್ಲಿ ಕೂತ ಹೋಟೆಲಿನವರು, “ಇವತ್ತು ಯಾರ ದೇವರು ಬೇಗ ಬಿಟ್ಟದ್ದು?” ಎಂದು ಕೇಳುವುದು ವಾಡಿಕೆ.

ಮಗಳು ಚಿಕ್ಕವಳಿದ್ದಾಗಿನ ಒಂದು ಪ್ರಸಂಗವನ್ನು ಆಂಟಿ ಆಗಾಗ ಹೇಳುತ್ತಿದ್ದರು. ಇಗರ್ಜಿಯ ಧರ್ಮಪಾಠದಲ್ಲಿ ಸಿಸ್ಟರ್, ದೇವರು ಕೊಟ್ಟ ಹತ್ತು ಆಜ್ಞೆಗಳಲ್ಲಿ ನಾಲ್ಕನೆಯದು ಯಾವುದು ಎಂದು ಕೇಳಿದರಂತೆ. ಹುಡುಗಿ ಎದ್ದು ನಿಂತು, ವಾರಕ್ಕೊಂದು ದಿನ ಕೆಲಸ ಬಿಟ್ಟು ದೇವರಿಗೆ ಮೀಸಲಿಡಬೇಕು ಎಂದಳು. ಅಪ್ಪ ಹೇಳಿಕೊಟ್ಟದ್ದು ಹಾಗೆ. ಸಿಸ್ಟರ್ ತಪ್ಪು ಎಂದರು. ನಾಲ್ಕನೆಯದು ತಂದೆತಾಯಿಯನ್ನು ಗೌರವಿಸುವುದು. ಮಕ್ಕಳು ನಕ್ಕರು. ಹುಡುಗಿ ಮನೆಗೆ ಬಂದು, ಪಪ್ಪಾ ನನಗೆ ಸುಳ್ಳು ಹೇಳಿಕೊಟ್ಟರು ಎಂದು ಅತ್ತಳು.

ನನಗೂ ಈ ಸಂಗತಿ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಜ್ಞೆಗಳು ಇಬ್ಬರಿಗೂ ಹತ್ತೇ, ಮಾತುಗಳೂ ಅವೇ, ಎಣಿಸುವ ರೀತಿ ಮಾತ್ರ ಬೇರೆ. ವಿಗ್ರಹ ಮಾಡಬೇಡ ಎಂಬುದನ್ನು ಇವರ ಕಡೆಯವರು ಬಿಡಿಯಾಗಿ ಎಣಿಸುತ್ತಾರೆ. ಆಂಟಿಯ ಕಡೆಯವರು ಅದನ್ನು ಮೊದಲನೆಯದರಲ್ಲೇ ಸೇರಿಸಿ, ಕೊನೆಯಲ್ಲಿ ಬರುವ ಆಸೆಪಡಬೇಡ ಎಂಬುದನ್ನು ಎರಡು ಮಾಡುತ್ತಾರೆ. ಹಾಗಾಗಿ ನಡುವಿನ ನಂಬರುಗಳೆಲ್ಲ ಒಂದೊಂದು ಸ್ಥಾನ ಜರುಗಿವೆ. “ನಿಮ್ಮವ್ರು ಒಂದು ಜಾಸ್ತಿ ಮಾಡಿದ್ದು,” ಎಂದು ಆಂಟಿ. “ನಿಮ್ಮವ್ರು ಒಂದು ನುಂಗಿದ್ದು,” ಎಂದು ಇವರು. ಹುಡುಗಿ ಅಳು ನಿಲ್ಲಿಸದಿದ್ದಾಗ ಅವರು, ನಂಬರ್ ಹಾಕಿದ್ದು ದೇವರಲ್ಲ, ಆಮೇಲೆ ಬಂದವರು ಎಂದು ಹೇಳಿ ಆ ಮನೆಯಲ್ಲಿ ನಂಬರುಗಳನ್ನೇ ರದ್ದು ಮಾಡಿದರು.

ಅಂದಿನಿಂದ ಆಜ್ಞೆಗಳಿಗೆ ಮನೆಯ ಹೆಸರುಗಳು ಬಂದವು. ಅಪ್ಪ ಅಮ್ಮನದು. ರಜೆಯದು. ಕೊಲ್ಲುವುದು. ಕದಿಯುವುದು. ದೇವರ ಹೆಸರನ್ನು ಸುಮ್ಮನೆ ಎತ್ತಬಾರದು ಎಂಬುದು ಹೆಸರಿನದು. “ಇವತ್ತು ಪಪ್ಪಾ ರಜೆಯದು ಮುರಿದ್ರು,” ಎಂದು ಮಗಳು ಹೇಳಿದರೆ ಭಾನುವಾರವೂ ಫ್ಯಾಕ್ಟರಿಗೆ ಹೋಗಿದ್ದಾರೆ ಎಂದು ತಿಳಿಯಬೇಕು. ನಾನು ಆ ಮನೆಗೆ ಬಳಕೆಯಾಗುವ ಹೊತ್ತಿಗೆ ಅವಳು ಕಾಲೇಜಿನಲ್ಲಿದ್ದಳು, ಆದರೂ ಆ ಹೆಸರುಗಳು ಹಾಗೇ ಉಳಿದಿದ್ದವು.

ಆಂಟಿ ಕಪಾಟಿನ ಮೇಲೆ ಮೇರಿ ಮಾತೆಯ ಒಂದು ಪ್ರತಿಮೆ ಇಟ್ಟಿದ್ದರು. ಇವರು ಅದಕ್ಕೆ ಕೈ ಮುಗಿಯುತ್ತಿರಲಿಲ್ಲ, ಮೇಣದ ಬತ್ತಿ ಹಚ್ಚುತ್ತಿರಲಿಲ್ಲ. ಆದರೆ ಮಂಜಲ್‌ಪುರದಲ್ಲಿ ಧೂಳು ಜಾಸ್ತಿ. ದಿನಾ ಬೆಳಿಗ್ಗೆ ಆ ಹಳದಿ ಬಟ್ಟೆಯಿಂದ ಪ್ರತಿಮೆಯ ಮುಖ, ಕೈ, ಮಡಿಕೆ ಮಡಿಕೆಯಾದ ನೀಲಿ ಸೆರಗು, ಎಲ್ಲ ಒರೆಸಿಯೇ ಕೆಲಸಕ್ಕೆ ಹೊರಡುತ್ತಿದ್ದರು. ನಿಮ್ಮವರು ಕಂಡರೆ ಏನು ಹೇಳುತ್ತಾರೆ ಸರ್ ಎಂದು ಒಮ್ಮೆ ಛೇಡಿಸಿದೆ. “ಧೂಳು ಒರೆಸ್ಬೇಡ ಅಂತ ಎಲ್ಲಿಯೂ ಹೇಳ್ಲಿಲ್ಲ,” ಎಂದರು.

ಕಾಲೇಜಿಗೆ ಹೋದ ಮಗಳು ಮೂರನೆಯ ದಾರಿ ಹಿಡಿದಳು. ಮಕರಪುರಾ ರಸ್ತೆಯ ಒಂದು ಬಾಡಿಗೆ ಹಾಲಿನಲ್ಲಿ ಗಿಟಾರ್ ಬಾರಿಸಿ ಕೈಯೆತ್ತಿ ಹಾಡುವವರ ಸಭೆ. ಅಲ್ಲಿ ದೇವರು ಪುಸ್ತಕದಲ್ಲಿ ಮಾತ್ರವಲ್ಲ, ಈಗಲೂ, ನೇರವಾಗಿ, ಒಬ್ಬೊಬ್ಬರ ಹತ್ತಿರವೂ ಮಾತಾಡುತ್ತಾನೆ. ಯಾವ ಕೋರ್ಸ್ ತೆಗೆದುಕೊಳ್ಳಬೇಕು, ಯಾವ ಗೆಳತಿಯನ್ನು ಬಿಡಬೇಕು, ಎಲ್ಲವನ್ನೂ ದೇವರು ನನಗೆ ಹೇಳಿದರು ಎಂದು ಅವಳು ಹೇಳತೊಡಗಿದಳು. ಇವರು ಅವಳನ್ನು ತಡೆಯಲಿಲ್ಲ. ನನ್ನ ಹತ್ತಿರ ಮಾತ್ರ, “ಅವಳಿಗೆ ದಿನಾ ಫೋನ್ ಬರ್ತದೆ. ನನಗೆ ಇಷ್ಟು ವರ್ಷದಲ್ಲಿ ಒಂದು ಮಿಸ್ಡ್ ಕಾಲ್ ಸಹ ಇಲ್ಲ,” ಎಂದು ನಕ್ಕರು.

ಒಂದು ಭಾನುವಾರ ಅವರ ಮನೆಯ ಊಟಕ್ಕೆ ಕೂತಿದ್ದಾಗ ಈ ವಿಷಯವೇ ಎದ್ದಿತು. ಅಂದು ಅವರ ಚರ್ಚಿನಲ್ಲಿ, ದೇವರು ಹೇಳಿದನೆಂದು ಸ್ವಂತ ಮಗನನ್ನು ಬಲಿ ಕೊಡಲು ಹೊರಟ ತಂದೆಯ ಕಥೆ ಹೇಳಿದ್ದರಂತೆ. ಅವರಿಗೆ ಊಟ ಸೇರುತ್ತಿರಲಿಲ್ಲ.

“ಒಳ್ಳೇದು ಅಂತಲೇ ದೇವರು ಆಜ್ಞೆ ಕೊಡುವುದು. ತಲೆ ಕೊಟ್ಟಿದ್ದಾನಲ್ಲ, ಯೋಚಿಸಿದ್ರೆ ಯಾಕೆ ಅಂತ ನಮಗೂ ಗೊತ್ತಾಗ್ತದೆ,” ಎಂದರು ಆಂಟಿ.

“ನಮ್ಮ ಅಜ್ಜಿ ಅದಕ್ಕೆ ಉಲ್ಟಾ,” ಎಂದರು ಇವರು. “ಅವನು ಹೇಳಿದ, ಅದಕ್ಕೇ ಒಳ್ಳೇದು. ಯಾಕೆ ಅಂತ ಕೇಳ್ಲಿಕ್ಕೆ ನೀನು ಯಾರು ಅಂತ ನನ್ನ ಕಿವಿ ಹಿಂಡುತ್ತಿದ್ರು.”

“ಅರೇ ಪಪ್ಪಾ, ಇಷ್ಟು ಯೋಚ್ನೆ ಯಾಕೆ? ಪ್ರೇ ಮಾಡಿ ಕೇಳಿ. ಹೇಳ್ತಾರೆ,” ಎಂದಳು ಮಗಳು.

ನಾನು ನಮ್ಮ ಮನೆದೇವರ ಸಂಗತಿ ಹೇಳಿದೆ. ಮದುವೆಯಿರಲಿ, ಬೋರ್‌ವೆಲ್ ಇರಲಿ, ದೇವರ ಮುಂದೆ ಕೂತು ಹೂ ಕೇಳುತ್ತೇವೆ. ಬಲಗಡೆಯ ಹೂ ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಇಲ್ಲ. ಅವರು ಕೈತುತ್ತನ್ನು ಹಾಗೇ ಹಿಡಿದು ಕೇಳಿಸಿಕೊಂಡರು.

“ನಿಮಗೆ ಒಳ್ಳೇದು. ಬಲ ಉಂಟು, ಎಡ ಉಂಟು. ಯಾವುದೂ ಬೀಳದಿದ್ರೆ?”

“ಬೀಳೋವರೆಗೂ ಕಾಯ್ತೀವಿ ಸರ್. ಪೂಜಾರಪ್ಪಂಗೆ ಬಸ್ಸಿಗೆ ಹೊತ್ತಾದ್ರೆ ಸ್ವಲ್ಪ ಬೇಗ ಬೀಳುತ್ತೆ.”

ಆಂಟಿ ನಕ್ಕ ನಗುವಿಗೆ ಎದುರುಮನೆಯ ಬೆನ್ ಬಾಗಿಲು ತೆರೆದು ನೋಡಿದರು. ಆ ಮನೆಯನ್ನು ನೆನೆದಾಗ ನನಗೆ ಮೊದಲು ಬರುವುದು ಆ ಮಧ್ಯಾಹ್ನ. ಹಂದಿಮಾಂಸದ ಸಾರು ಅವರಿಗೆ, ನನಗೆಂದು ಬೇರೆ ಮಾಡಿದ ಕಡಲೆ ಗಸಿ, ಮಧ್ಯದಲ್ಲಿ ಇಡ್ಲಿಯಂಥ ಬಿಳಿಯ ಸಣ್ಣಗಳ ತಟ್ಟೆ.

ಮರುವರ್ಷ ಆಂಟಿಗೆ ಮೆದುಳಿನಲ್ಲಿ ರಕ್ತಸ್ರಾವವಾಯಿತು. ಬಟ್ಟೆ ಒಣಹಾಕುತ್ತಿದ್ದವರು ಹಾಗೇ ಕುಸಿದರು. ಆಸ್ಪತ್ರೆಯಲ್ಲಿ ಉಸಿರಿಗೆ ಯಂತ್ರ ಹಾಕಿದರು. ದಿನಗಳು ಕಳೆದವು, ಕಣ್ಣು ತೆರೆಯಲಿಲ್ಲ, ಮೂತ್ರಪಿಂಡಗಳೂ ಸೋಲತೊಡಗಿದವು. ಆಮೇಲೆ ಡಾಕ್ಟರು ಇವರನ್ನೂ ಮಗಳನ್ನೂ ಕರೆಸಿದರು. ನಾನೂ ಜೊತೆಗಿದ್ದೆ. ಮುಂದುವರಿಸುವುದಾದರೆ ಗಂಟಲಿಗೆ ತೂತು ಮಾಡಬೇಕು, ಡಯಾಲಿಸಿಸ್ ಶುರು ಮಾಡಬೇಕು. ಮಾಡಿದರೂ ಅವರು ಮರಳುವುದಿಲ್ಲ. ಬೇಡವೆಂದರೆ ಮನೆಗೆ ಕರೆದುಕೊಂಡು ಹೋಗಬಹುದು, ಹೆಚ್ಚು ಹೊತ್ತು ಇರಲಾರರು. “ಆಪ್ ಕ್ಯಾ ಬೋಲ್ತೇ ಹೈ?” ಎಂದು ಇವರು ಕೇಳಿದರು. ನೀವೇನು ಹೇಳುತ್ತೀರಿ? ಅದು ಮನೆಯವರು ತೀರ್ಮಾನಿಸಬೇಕಾದದ್ದು ಎಂದರು ಡಾಕ್ಟರು.

ಆಂಟಿಯ ಇಗರ್ಜಿಯಿಂದ ಫಾದರ್ ಬಂದು ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಹೊರಗೆ ಬೆಂಚಿನ ಮೇಲೆ ಇವರ ಪಕ್ಕ ಕೂತು ನಿಧಾನವಾಗಿ ವಿವರಿಸಿದರು. ಕೊಲ್ಲಬಾರದು ಎಂಬ ಆಜ್ಞೆಗೆ, ಪ್ರಯೋಜನವಿಲ್ಲದ ಚಿಕಿತ್ಸೆಯನ್ನು ಎಳೆಯುತ್ತಲೇ ಇರಬೇಕು ಎಂಬ ಅರ್ಥವಿಲ್ಲ. ಅದು ಬರಿಯ ಭಾರವಾದಾಗ ಬಿಡಬಹುದು, ನಮ್ಮ ಧರ್ಮಸಭೆ ಒಪ್ಪುತ್ತದೆ. “ಹಾಗಾದ್ರೆ ಬಿಡು ಅಂತ ಹೇಳಿ ಫಾದರ್,” ಎಂದರು ಇವರು. ಹಾಗೆ ಹೇಳಲು ನನಗೆ ಆಗುವುದಿಲ್ಲ, ಬಿಡಬಹುದು ಎಂದಷ್ಟೇ ಹೇಳಬಲ್ಲೆ ಎಂದರು ಫಾದರ್. ಇವರ ಪಾಸ್ಟರ್ ಬಂದು, ದೇವರೇ ನಿನ್ನ ಚಿತ್ತದಂತಾಗಲಿ ಎಂದು ಕಣ್ಣುಮುಚ್ಚಿ ಬಹಳ ಹೊತ್ತು ಪ್ರಾರ್ಥಿಸಿ ಹೋದರು. ಚಿತ್ತ ಏನೆಂದು ಅವರೂ ಹೇಳಲಿಲ್ಲ.

ಹೇಳಿದವಳು ಮಗಳೊಬ್ಬಳೇ. ರಾತ್ರಿಯೆಲ್ಲ ಉಪವಾಸವಿದ್ದು ಪ್ರಾರ್ಥಿಸಿದ್ದಳು. “ದೇವರು ನಂಗೆ ಕ್ಲಿಯರ್ ಆಗಿ ಹೇಳಿದ್ದಾರೆ ಪಪ್ಪಾ. ಮಮ್ಮಿ ಎದ್ದು ನಡೀತಾಳೆ. ಮಷಿನ್ ತೆಗೀಬೇಡಿ.”

ಇವರು ಕಾರಿಡಾರಿನ ಕಿಟಕಿಯ ಬಳಿ ಹೋಗಿ ನಿಂತರು. ನಾನು ಹತ್ತಿರ ಹೋದೆ. ಕೆಳಗೆ ಆಟೋಗಳು ಸಾಲಾಗಿ ನಿಂತಿದ್ದವು. “ಇವತ್ತು ಒಂದು ಹೂ ಬೀಳ್ಬೇಕಿತ್ತು ಮಾರಾಯ್ತಿ,” ಎಂದರು. ಆಟೋಗಳು ಒಂದೊಂದಾಗಿ ಹೊರಡುವುದನ್ನು ನೋಡಿದರು. ಆಮೇಲೆ ಕನ್ನಡಕ ಒರೆಸಿ ಹಾಕಿಕೊಂಡು ಮಗಳ ಮುಂದೆ ಹೋಗಿ ನಿಂತರು.

“ದೇವರು ನನಗೆ ಎಂತದೂ ಹೇಳ್ಲಿಲ್ಲ. ಫಾದರ್ ಹೇಳ್ಲಿಲ್ಲ, ಡಾಕ್ಟರ್ ಹೇಳ್ಲಿಲ್ಲ. ನಾನು ಹೇಳ್ತಾ ಇದ್ದೇನೆ. ಅಮ್ಮನನ್ನು ಮನೆಗೆ ಕರ್ಕೊಂಡು ಹೋಗುವ.”

ಆ್ಯಂಬುಲೆನ್ಸಿನಲ್ಲಿ ಮನೆಗೆ ತಂದರು. ಅದೇ ಮಧ್ಯಾಹ್ನ, ಕಪಾಟಿನ ಮೇಲಿನ ಮಾತೆಯ ಎದುರಿಗೇ ಹಾಸಿದ ಮಂಚದಲ್ಲಿ, ಆಂಟಿ ಹೋದರು. ಕೈ ಹಿಡಿದುಕೊಂಡಿದ್ದ ಇವರಿಗೂ ಯಾವ ಗಳಿಗೆಯಲ್ಲಿ ಎಂದು ಗೊತ್ತಾಗಲಿಲ್ಲ. ಮಗಳು ಗೋಡೆಗೆ ಒರಗಿ ನಿಂತಿದ್ದವಳು ಒಂದೇ ಮಾತು ಹೇಳಿದಳು, “ಪಪ್ಪಾ, ನೀವು ಕೊಲ್ಲುವುದು ಮುರಿದ್ರಿ.” ಆ ಮನೆಯ ಭಾಷೆಯಲ್ಲಿ, ಅವಳು ಚಿಕ್ಕಂದಿನಲ್ಲಿ ಕಲಿತ ಹೆಸರಿನಲ್ಲಿ.

ಮಣ್ಣಾದ ಮೇಲೆ ಅವಳು ಅಪ್ಪನಿಗೆ ಒಂದು ದಾರಿಯನ್ನೂ ಬಿಟ್ಟಿದ್ದಳು. ನಾನು ಅಡುಗೆಮನೆಯಲ್ಲಿ ಬಂದವರ ಲೋಟ ತೊಳೆಯುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು. ದೇವರು ನಿಮಗೆ ಬಿಡು ಎಂದು ಹೇಳಿದ್ದರೆ ಹೇಳಿಬಿಡಿ ಪಪ್ಪಾ, ಆಗ ನಾನೇ ತಪ್ಪು ಕೇಳಿಸಿಕೊಂಡೆ ಎಂದುಕೊಳ್ಳುತ್ತೇನೆ, ನಿಮ್ಮ ಜೊತೆಗೇ ಇರುತ್ತೇನೆ, ದೇವರ ಆಜ್ಞೆಯ ಮುಂದೆ ನಾನು ಯಾರು ಎಂದಳು. ನೀವೇ ತೀರ್ಮಾನ ಮಾಡಿದ್ದಾದರೆ ನನಗೆ ಈ ಮನೆಯಲ್ಲಿ ಇರುವುದಕ್ಕಾಗುವುದಿಲ್ಲ ಎಂದಳು. ನಲ್ಲಿ ನಿಲ್ಲಿಸಿ ಕಾದೆ.

“ಹೇಳ್ಲಿಲ್ಲ ಮಗಾ,” ಎಂದರು.

ಅವಳು ಸೂರತ್ತಿನ ಒಂದು ಶಾಲೆಯಲ್ಲಿ ಕೆಲಸ ಹುಡುಕಿಕೊಂಡು ಹೋದಳು.

ಕೆಲವು ತಿಂಗಳ ನಂತರ ಅದೇ ಉಡುಪಿ ಹೋಟೆಲಿನಲ್ಲಿ ಅವರ ಎದುರು ಕೂತಾಗ ನನಗೆ ತಡೆಯಲಾಗಲಿಲ್ಲ. ಸೊರಗಿಹೋಗಿದ್ದರು, ಕಾಲರ್ ಕುತ್ತಿಗೆಯ ಸುತ್ತ ಸಡಿಲವಾಗಿತ್ತು. “ಒಂದು ಮಾತು ಸರ್. ಸೂರತ್ ಏನು ದೂರ? ಹೋಗಿ ದೇವರು ಹೇಳಿದ ಅಂತ ಹೇಳ್ಬಿಡಿ. ಯಾರಿಗೆ ನಷ್ಟ?” ಎಂದೆ.

“ಅದು ಹೆಸರಿನದು.”

“ಹೆಸರಿನದು ಅಂದ್ರೆ ದೇವರ ಮೇಲೆ ಸುಮ್ನೆ ಆಣೆ ಹಾಕೋದು ತಾನೇ?”

“ಎಲ್ರೂ ಹಾಗೇ ತಿಳಿದಿದ್ದಾರೆ. ಆಣೆ ಹಾಕಿದ್ರೆ ಅವನಿಗೆ ಎಂತ ಆಗ್ಲಿಕ್ಕುಂಟು? ಅವನು ಹೇಳದ್ದನ್ನು ಅವನು ಹೇಳಿದ ಅಂತ ಹೇಳುವುದುಂಟಲ್ಲ, ಅದು. ನಾನು ಮಾಡಿ, ಅವನು ಮಾಡಿಸಿದ ಅನ್ನುವುದು. ಬಾಕಿ ಎಲ್ಲ ಮುರಿದ್ರೆ ನಾನು ತಪ್ಪು ಮಾಡಿದೆ ಅಂತ ಆಗ್ತದೆ. ಇದನ್ನು ಮುರಿದ್ರೆ ತಪ್ಪು ಮಾಡಿದವನು ಅವನಾಗ್ತಾನೆ.”

ನನಗೆ ರೇಗಿತು. “ಹಾಗಾದ್ರೆ ಅವಳಿಗೆ ಹೇಳಿದ ದೇವರು ಯಾರು ಸರ್? ಅವಳು ಹೇಳ್ಬಹುದು, ನೀವು ಹೇಳ್ಬಾರ್ದಾ?”

ಅವರು ಲೋಟದ ಕಾಫಿಯನ್ನು ಬಟ್ಟಲಿಗೆ ಬಗ್ಗಿಸಿದರು. “ಅವಳಿಗೆ ಅಮ್ಮ ಬೇಕಿತ್ತು. ಅಷ್ಟೇ ಅವಳು ಕೇಳಿದ್ದು. ಅವಳ ಹತ್ರ ಅದನ್ನು ಯಾವತ್ತೂ ಕೇಳ್ಬೇಡ,” ಎಂದರು. ಆಮೇಲೆ ಮಾಣಿಯನ್ನು ಕರೆದು ನನಗೆ ಬನ್ಸ್ ತರಲು ಹೇಳಿದರು.

ಆ ದಿನ ನನಗೆ ಅವರ ಮೇಲೆ ಬಂದ ಸಿಟ್ಟು ಬಹಳ ಕಾಲ ಹೋಗಲಿಲ್ಲ. ಒಂದು ವಾಕ್ಯವನ್ನು ಸ್ವಚ್ಛವಾಗಿಡಲು ಮಗಳನ್ನೇ ಕಳೆದುಕೊಂಡ ಮೊಂಡ ಎಂದುಕೊಂಡೆ. ಈಗಲೂ ಒಮ್ಮೊಮ್ಮೆ ಹಾಗೇ ಅನಿಸುತ್ತದೆ.

ನಾನು ಕೆಲಸ ಬದಲಿಸಿ ಅಹಮದಾಬಾದಿಗೆ ಬಂದೆ. ವಡೋದರಾಕ್ಕೆ ಹೋದಾಗಲೆಲ್ಲ ಅವರನ್ನು ನೋಡಿ ಬರುತ್ತಿದ್ದೆ. ನಿವೃತ್ತರಾದರು, ಸ್ಕೂಟರ್ ಮಾರಿದರು. ಭಾನುವಾರ ಚರ್ಚಿನಿಂದ ಬಂದು ಮಗಳಿಗೆ ಫೋನ್ ಮಾಡುತ್ತಿದ್ದರು. ಅವಳು ಎತ್ತುತ್ತಿದ್ದಳು. ಊಟ ಆಯ್ತಾ, ಆಯ್ತು. ಸೆಖೆ ಉಂಟಾ, ಇದೆ. ಅಲ್ಲಿಗೆ 'ಇಡ್ತೇನೆ ಹಾಗಾದ್ರೆ'. ಮನೆಗೆ ಮಾತ್ರ ಅವಳು ಬರಲಿಲ್ಲ. ಇವರು ಬಾ ಎಂದು ಕರೆದದ್ದನ್ನೂ ನಾನು ಕೇಳಲಿಲ್ಲ.

ಕೊನೆಯ ಸಲ ಹೋದಾಗ ಪ್ರತಿಮೆ ಒರೆಸುತ್ತ ನಿಂತಿದ್ದರು. ಈಗ ಸೆರಗಿನ ಮಡಿಕೆಗಳೊಳಗೆ ಬಟ್ಟೆಯ ತುದಿ ಹೋಗುತ್ತಿರಲಿಲ್ಲ. ನನ್ನ ಕಡೆ ತಿರುಗದೆ ಹೆಂಡತಿಯ ವಿಷಯ ಕೇಳಿದರು.

“ಇವಳಿಗೆ ನೋವಾಗಿರ್ಲಿಕ್ಕಿಲ್ಲ ಅಲ್ವಾ, ಆ ದಿನ?”

“ಇಲ್ಲ ಸರ್. ಖಂಡಿತ ಇಲ್ಲ.”

“ನಿನಗೆ ಹೇಗೆ ಗೊತ್ತು?”

“ಗೊತ್ತಿಲ್ಲ ಸರ್.”

“ಹಾಂ. ಹಾಗೆ ಹೇಳು,” ಎಂದು ಒರೆಸುವುದನ್ನು ಮುಂದುವರಿಸಿದರು.

ಮಣ್ಣಿನ ದಿನ ಬೆಳಗಿನ ರೈಲಿಗೆ ವಡೋದರಾಕ್ಕೆ ಹೋದೆ. ಕಾರ್ಖಾನೆಯ ಹಳಬರು, ಉಡುಪಿ ಹೋಟೆಲಿನವರು, ಚರ್ಚಿನ ಕೆಲವರು ಬಂದಿದ್ದರು. ಪಾಸ್ಟರ್, ಬಾ ಎಂದು ಮೇಲಿನಿಂದ ಆಜ್ಞೆಯಾಯಿತು, ನಮ್ಮ ಸಹೋದರರು ವಿಧೇಯರಾಗಿ ಹೊರಟರು ಎಂದು ಹೇಳಿದರು. ಕೋನೋ ಎಂದು ಕೇಳುವವರು ಪೆಟ್ಟಿಗೆಯಲ್ಲಿದ್ದರು. ನಾನು ಮುಷ್ಟಿ ಮಣ್ಣು ಹಾಕಿದೆ. ಆಗಲೂ ಏನೂ ಅನಿಸಲಿಲ್ಲ. ಉಗುರಿನ ಸಂದಿಯಲ್ಲಿ ಮಣ್ಣು ಸೇರಿಕೊಂಡದ್ದು ಮಾತ್ರ ಗೊತ್ತಾಯಿತು.

ಮಧ್ಯಾಹ್ನ ಮನೆಗೆ ಮರಳಿದೆವು. ಬಂದವರೆಲ್ಲ ಹೋದ ಮೇಲೆ ನಾನು, ಮಗಳು ಇಬ್ಬರೇ ಉಳಿದೆವು. ಅವಳ ಕೂದಲಲ್ಲಿ ಬಿಳಿ ಎಳೆಗಳು ಕಾಣುತ್ತಿದ್ದವು. ಅಮ್ಮನ ಎತ್ತರ, ಅಪ್ಪನ ಕನ್ನಡಕ. ಬೆನ್ ಚಾ ತಂದಿಟ್ಟು ಹೋದರು. ಕಪಾಟಿನ ಮೇಲಿನ ಪ್ರತಿಮೆಗೆ ಧೂಳು ಹಿಡಿದಿತ್ತು. ಹಾಗಾದರೆ ಕೆಲವು ದಿನಗಳಿಂದ ಹುಷಾರಿರಲಿಲ್ಲ, ಯಾರಿಗೂ ಹೇಳಿಲ್ಲ ಎಂದುಕೊಂಡೆ.

“ಅಕ್ಕ,” ಎಂದಳು. ಅವಳ ಕನ್ನಡ ಇನ್ನಷ್ಟು ತೆಳ್ಳಗಾಗಿತ್ತು. “ಒಂದು ಪೂಛ್ನಾ ಥಾ. ಕೇಳ್ಬೇಕಿತ್ತು. ಮಮ್ಮಿದು ಆ ದಿನ... ಪಪ್ಪಾ ನಿಮ್ಗೆ ಆಮೇಲೆ ಕಭೀ ಹೇಳಿದ್ರಾ? ಗಾಡ್ ಏನಾದ್ರೂ ಹೇಳಿದ್ರು ಅಂತ? ನನ್ ಹತ್ರ ಹೇಳ್ಲಿಲ್ಲ. ನಿಮ್ ಹತ್ರ ಆದ್ರೂ?”

ಹೌದು ಎನ್ನುವುದು ಎಷ್ಟು ಸುಲಭವಿತ್ತು. ನನ್ನನ್ನು ತಡೆಯುವ ಆಜ್ಞೆ ಯಾವುದೂ ಇರಲಿಲ್ಲ, ನಾನು ಆ ಹತ್ತರ ಲೆಕ್ಕಕ್ಕೆ ಸೇರಿದವಳೇ ಅಲ್ಲ. ಹೋಟೆಲಿನಲ್ಲಿ ಅಷ್ಟು ಜಗಳವಾಡಿ ಅವರ ಬಾಯಿಂದ ಹೊರಡಿಸಲಾಗದ ಮಾತನ್ನು ಈಗ ನಾನೇ ಅವರ ಹೆಸರಿನಲ್ಲಿ ಹೇಳಿಬಿಡಬಹುದಿತ್ತು. ಅಪ್ಪ ಮಗಳು ಇಷ್ಟು ತಡವಾಗಿಯಾದರೂ ಒಂದಾಗುತ್ತಿದ್ದರು. ಬಾಯಿ ತೆರೆದೆ. ಬೇಡ ಅಂತ ಹೇಳಿದ್ದು ನಾನಾ ಎಂದು ಅವರು ಕೇಳಿದ ಸಂಜೆ ನೆನಪಾಯಿತು.

“ಇಲ್ಲ,” ಎಂದೆ. “ಯಾರೂ ಏನೂ ಹೇಳ್ಲಿಲ್ಲ, ನಾನೇ ಹೇಳಿದ್ದು ಅಂದ್ರು. ಕೊನೇವರೆಗೂ ಅದನ್ನೇ ಅಂದ್ರು.”

ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಚಾದ ಮೇಲೆ ಕಟ್ಟುತ್ತಿದ್ದ ಕೆನೆಯನ್ನು ನೋಡುತ್ತ ಕೂತಳು. ಕೆಳಗೆ ಯಾರೋ ಗಾಡಿ ಶುರು ಮಾಡಿಕೊಂಡು ಹೋದರು.

“ನಂಗೂ ಹೇಳಿರ್ಲಿಲ್ಲ ಅಕ್ಕ,” ಎಂದಳು. “ಆ ರಾತ್ರಿ ಪೂರಾ ಕೇಳ್ದೆ. ಕುಛ್ ನಹೀ. ಏನೂ ಬರ್ಲಿಲ್ಲ. ಬೆಳಿಗ್ಗೆ ನಾನೇ... ಮಮ್ಮಿ ಎದ್ದು ನಡೀತಾಳೆ ಅಂತ ನಾನೇ ಹೇಳ್ದೆ. ಹೆಸರಿನದು ಮುರಿದದ್ದು ನಾನು.”

ನಾನು ಚಾದ ಲೋಟ ಕೆಳಗಿಟ್ಟೆ.

“ಅದಕ್ಕೇ ಮನೆಗೆ ಬರ್ಲಿಲ್ಲ. ಪಪ್ಪಾ ಮುಖ ನೋಡಿದ್ರೆ ಹೇಳ್ಬೇಕಾಗ್ತಿತ್ತು.” ಆಮೇಲೆ ನನ್ನ ಕಡೆ ತಿರುಗಿ, “ಅವರಿಗೆ ಗೊತ್ತಿರ್ಲಿಲ್ಲ ಅಲ್ವಾ?” ಎಂದಳು.

“ಗೊತ್ತಿತ್ತು,” ಎಂದೆ. “ಅವಳಿಗೆ ಅಮ್ಮ ಬೇಕಿತ್ತು, ಅಷ್ಟೇ ಅವಳು ಕೇಳಿದ್ದು ಅಂದ್ರು. ನಿನ್ನ ಹತ್ರ ಯಾವತ್ತೂ ಕೇಳ್ಬೇಡ ಅಂತ ನನಗೆ ಹೇಳಿದ್ರು.”

ಹೇಳಿ ಮುಗಿಸುವಾಗ ನನ್ನ ದನಿ ಒಡೆದಿತ್ತು. ತೊಂಡೆಕಾಯಿ ಗಾಡಿಯ ಮುಂದೆ ನಿಂತಾಗಿನಿಂದ ಬಾರದೇ ಇದ್ದದ್ದು ಆಗ ಬಂತು. ಅವಳು ಅಳಲಿಲ್ಲ. ಎದ್ದು ಕಪಾಟಿನ ಹತ್ತಿರ ಹೋದಳು. ಪ್ರತಿಮೆಯ ಹಿಂದೆ ಮಡಿಸಿಟ್ಟಿದ್ದ ಹಳದಿ ಬಟ್ಟೆಯನ್ನು ತೆಗೆದುಕೊಂಡು, ಅಪ್ಪ ಮಾಡುತ್ತಿದ್ದ ಹಾಗೇ, ಮೊದಲು ಮುಖ ಒರೆಸಿದಳು, ಆಮೇಲೆ ಕೈ.